ಪಾದರಸದ ಮೇಲಿನ ಖಾಲಿ

ನಲವತ್ತೇಳು ವರ್ಷಗಳ ಹಿಂದೆ, ಶಹಾಬಾದಿನ ಕಲ್ಲುಗಣಿಯೊಂದಕ್ಕೆ ಕಾಗಿಣೆ ಹೊಳೆಯ ನೆರೆ ನುಗ್ಗಿದ ಸಂಜೆ, ದೇವೀಂದ್ರಪ್ಪ ಒಬ್ಬೊಬ್ಬರನ್ನೇ ಬೆನ್ನಿಗೆ ಕಟ್ಟಿಕೊಂಡು ಈಜಿ ಹನ್ನೊಂದು ಜನರನ್ನು ದಡಕ್ಕೆ ತಂದಿದ್ದ. ಹನ್ನೆರಡನೆಯವನಾಗಿ ಉಳಿದವನು ಅವನ ಸ್ವಂತ ತಮ್ಮ ಅಂಬರೇಶ. ಅವನು ಮೇಲೆ ಬರಲಿಲ್ಲ.

ಅದೇ ಗಣಿಗೆ ಹೊಸ ಮ್ಯಾನೇಜರನಾಗಿ ಬಂದ ಅಶೋಕಕುಮಾರ, ಬಂಗಲೆಯ ಗೋಡೆಗಿದ್ದ ಪುರಾತನ ಪಾದರಸದ ವಾಯುಭಾರಮಾಪಕವನ್ನು ತನ್ನ ಕೋಣೆಗೆ ಒಯ್ಯಲು ಕೈಯಿಟ್ಟಾಗ, ಈಗ ಮುದುಕನಾಗಿ ಅಲ್ಲಿ ಕಾವಲಿದ್ದ ದೇವೀಂದ್ರಪ್ಪ ಅಡ್ಡ ನಿಂತ.

"ಓರೆ ಮಾಡಬ್ಯಾಡ್ರಿ ಸಾಹೇಬ್ರ. ದೊಡ್ಡ ಮಳಿ ಬರ್ತದಂತ ಪಾರಾ ಇಳಿದಿದ್ದು ನೋಡೀನೂ ಅವತ್ತಿನ ಮ್ಯಾನೇಜರ ಕೆಲಸ ನಿಲ್ಲಸಲಿಲ್ಲ. ನಮ್ಮವ್ವ ಕುಂಚಾವರಂದಿಂದ ಮಾಟಗಾರನ್ನ ಕರಸಿ ಇದಕ್ಕ ಕಟ್ಟು ಹಾಕಸ್ಯಾಳ. ಪಾರಾದ ಮ್ಯಾಲಿನ ಖಾಲಿ ಜಾಗಾದಾಗ ನನ್ನ ತಮ್ಮ ಹಾನ. ಉಸಿರು ಬೇಡ್ತಾನ."

"ಜಾಗಾಕ್ಕ ಬಾಡಿಗಿ ಕೊಡ್ತಾನೇನು ನಿನ್ನ ತಮ್ಮ?"

ಅಶೋಕಕುಮಾರನ ಮಾತಿಗೆ ಅವನ ಏಳು ವರ್ಷದ ಮಗಳು ಐಶ್ವರ್ಯ ಕಿಲಕಿಲ ನಕ್ಕಳು.

ಕರಿಮರದ ನೀಳ ಪೆಟ್ಟಿಗೆ, ದಂತದ ಅಳತೆಪಟ್ಟಿ, ಗಾಜಿನ ಕೊಳವೆ. ಬುಡದಲ್ಲಿ ಪಾದರಸ ತುಂಬಿದ ತೊಗಲಿನ ಚೀಲ, ಅದನ್ನು ಒತ್ತುವ ಹಿತ್ತಾಳೆಯ ತಿರುಪು. ಸಾಗಿಸುವ ಮುನ್ನ ತಿರುಪನ್ನು ಬಿಗಿದು ಕೊಳವೆಯನ್ನು ತುಂಬಿಸುವುದು ಹಿಂದಿನವರ ಕ್ರಮ. ಅಶೋಕಕುಮಾರ ಬಿಗಿಯಲಿಲ್ಲ.

"ಒಳಗ ಗಾಳಿ ಇರಲಿಲ್ಲಂದ್ರ ಟಕ್ ಅಂತದ. ಕೇಳು ಐಶೂ," ಎಂದು ಪೆಟ್ಟಿಗೆಯನ್ನು ಓರೆ ಮಾಡಿದ.

ಟಕ್.

ನಡುಮಧ್ಯಾಹ್ನದ ಬಿಸಿಲು ಮಂಕಾಯಿತು. ಒದ್ದೆಗಲ್ಲಿನ, ಕೊಳೆತ ಪಾಚಿಯ ವಾಸನೆ ಕೋಣೆಯನ್ನು ತುಂಬಿತು. ಫ್ಯಾನು ತಿರುಗುತ್ತಲೇ ಇತ್ತು. ಗಾಳಿ ಮಾತ್ರ ಬರಲಿಲ್ಲ. ಅವನು ಪೆಟ್ಟಿಗೆಯನ್ನು ಮತ್ತೆ ಗೋಡೆಯ ಮೊಳೆಗೆ ಸಿಕ್ಕಿಸಿದ. ತೊಗಲಿನ ಚೀಲ ಉಬ್ಬಿತು. ಕುಗ್ಗಿತು. ಮತ್ತೆ ಉಬ್ಬಿತು. ಪಾದರಸ ಇಳಿಯತೊಡಗಿತು. ಇಪ್ಪತ್ತೆಂಟು ಇಂಚು. ಇಪ್ಪತ್ತು. ಹನ್ನೆರಡು. ಅವನು ಬಾಯಿ ತೆರೆದ. ಉಸಿರಿಲ್ಲ. ಮೊಣಕಾಲೂರಿ ಬಿದ್ದ. ಕಿವಿಯ ತುಂಬ ನೀರಿನ ಮೊರೆತ.

"ಇವ್ರನ್ನ ಬಿಡು ತಮ್ಮಾ," ಎಂದ ದೇವೀಂದ್ರಪ್ಪ. "ಅವತ್ತೇ ನಿನಗ ಕೊಡಬೇಕಾಗಿತ್ತು. ನನ್ನ ಉಸಿರು ತಗೊ."

ಚೀಲಕ್ಕೆ ತುಟಿಯಿಟ್ಟು ಊದಿದ.

ಪಾದರಸ ಸರ್ರನೆ ಏರಿತು. ಅಶೋಕಕುಮಾರನ ಎದೆಗೆ ಗಾಳಿ ಚೂರಿಯಂತೆ ಹೊಕ್ಕಿತು. ಹನ್ನೆರಡನೆಯವನಾಗಿ ಇವನನ್ನು ದಡ ಮುಟ್ಟಿಸಿದ ಮುದುಕ ನೆಲದ ಮೇಲೆ ತಣ್ಣಗೆ ಬಿದ್ದಿದ್ದ. ಅವನ ಬಾಯಿಂದ ಕಾಗಿಣೆಯ ಕೆಸರುನೀರು ಹರಿಯುತ್ತಿತ್ತು.

ಐಶ್ವರ್ಯ ಅತ್ತ ನೋಡಲೂ ಇಲ್ಲ. ಅವಳ ಕಣ್ಣು ಕೊಳವೆಯ ತುದಿಯ ಖಾಲಿಯಲ್ಲಿ ನೆಟ್ಟಿತ್ತು. ಪುಟ್ಟ ಕೈಗಳೆರಡೂ ಪೆಟ್ಟಿಗೆಯ ಬುಡವನ್ನು ಹಿಡಿದು, ಮೆಲ್ಲಗೆ, ಪಕ್ಕಕ್ಕೆ ಎಳೆಯುತ್ತಿದ್ದವು. ತಡೆಯಲು ಅಶೋಕಕುಮಾರ ಅವಳತ್ತ ತೆವಳಿದ.

"ಅಪ್ಪಾ, ಆ ಸಪ್ಪಳ ಭಾಳ ಛಂದ ಅದ. ಇನ್ನೊಮ್ಮೆ ಕೇಳೂಣೇನು?"