ಲಿಪಿಕಾರನ ಮುದ್ರೆ

ದೂರು ಠಾಣೆಗೆ ಬಂದದ್ದು ಮಾರ್ಚ್ ಹನ್ನೊಂದರ ಬೆಳಿಗ್ಗೆ. ತಂದವರು ವಸ್ತುಸಂಗ್ರಹಾಲಯದ ನಿರ್ದೇಶಕರು. ಪ್ರಯೋಗಾಲಯಕ್ಕೆ ಕಳಿಸಿದ್ದ ಪೆಟ್ಟಿಗೆಯ ಅರಗು ಒಡೆದಿರಲಿಲ್ಲ, ದಾರ ಸಡಿಲವಾಗಿರಲಿಲ್ಲ. ಆದರೆ ಒಳಗಿದ್ದದ್ದು ಪುರಾತನ ಮಣ್ಣಿನ ಮುದ್ರೆಯಲ್ಲ, ಶಾಲಾ ಮಕ್ಕಳಿಗೆ ಮುಟ್ಟಿ ನೋಡಲು ಕೊಡುವ ಪ್ಲಾಸ್ಟರ್ ನಕಲು.

"ಅಸಲಿ ಎಷ್ಟು ದೊಡ್ಡದು?" ಇನ್‌ಸ್ಪೆಕ್ಟರ್ ಕೇಳಿದರು.

"ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಹಿಂದೆ ಪತ್ರದ ಸುರುಳಿಗೆ ದಾರ ಕಟ್ಟಿ, ಗಂಟಿನ ಮೇಲೆ ಹಸಿಮಣ್ಣು ಮೆತ್ತಿ ಒತ್ತುತ್ತಿದ್ದ ಮುದ್ರೆ. ಬೆಂಕಿಗೆ ಸಿಕ್ಕಿ ಸುಟ್ಟು ಗಟ್ಟಿಯಾಗಿದೆ. ಬೈಬಲ್ಲಿನ ಒಬ್ಬ ಪ್ರವಾದಿಯ ಲಿಪಿಕಾರನ ಹೆಸರು ಅದರಲ್ಲಿದೆ. ಅದು ನಿಜವೋ ಸುಳ್ಳೋ ಅಂತ ವರ್ಷಗಟ್ಟಲೆ ಜಗಳ. ಕೊನೆಗೂ ಪರೀಕ್ಷೆ ಮಾಡಿಸೋಣ ಅಂತ ಒಪ್ಪಿದ್ವಿ."

ನಿಜ ಎನ್ನುವವರು ನಿವೃತ್ತ ಪ್ರಾಧ್ಯಾಪಕರು. ಆ ಹೆಸರನ್ನು ಮೊದಲು ಓದಿದವರೇ ಅವರು. ಸುಳ್ಳು ಎನ್ನುವವರು ಅವರ ಶಿಷ್ಯೆ, ಈಗ ಅದೇ ಸಂಗ್ರಹಾಲಯದ ಕ್ಯುರೇಟರ್.

ಎಫ್‌ಐಆರ್ ದಾಖಲಾಯಿತು. ಉಗ್ರಾಣದಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದ ಗುರುತಿಲ್ಲ. ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಅವಸರಪ್ಪ ಎಂದೇ ಹೆಸರು. ಸಂಜೆಯೊಳಗೆ ಅವನು ಪ್ಯಾಕಿಂಗ್ ಕೆಲಸದವನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದ್ದ.

"ಪೆಟ್ಟಿಗೆ ಕಟ್ಟಿದವನು ಇವನೇ, ವ್ಯಾನಿನಲ್ಲಿ ಜೊತೆಗೆ ಹೋದವನೂ ಇವನೇ ಸಾರ್. ಇನ್ನೇನು ಬೇಕು?"

"ಅರಗು ಒಡೆಯದೆ ಒಳಗಿನದನ್ನ ತೆಗೆಯೋ ಮಂತ್ರ ಇವನಿಗೆ ಬರುತ್ತೇನಯ್ಯ?"

ಅವಸರಪ್ಪ ಕೆಮ್ಮಿದ. ಆದರೆ ಮೇಲಿನಿಂದ ಫೋನಿನ ಮೇಲೆ ಫೋನು. ಮರುದಿನವೂ ಪ್ಯಾಕಿಂಗಿನವನನ್ನು ಕರೆಸಿ ಕೂರಿಸಬೇಕಾಯಿತು. ಅವನ ಹೆಂಡತಿ ಠಾಣೆಯ ಮೆಟ್ಟಿಲ ಮೇಲೆ ಕೂತವಳು ಯಾರನ್ನೂ ಏನೂ ಕೇಳಲಿಲ್ಲ. ಇನ್‌ಸ್ಪೆಕ್ಟರಿಗೆ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅವಳ ಮುಖ ನೋಡಲಾಗಲಿಲ್ಲ.

ಕ್ಯುರೇಟರ್ ಹೇಳಿಕೆ ಚುಟುಕಾಗಿತ್ತು.

"ಪರೀಕ್ಷೆ ಬೇಕು ಅಂದವರು ಯಾರು?"

"ನಾನೇ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ. ಆ ಪ್ಯಾಕಿಂಗಿನವರು ಒಳ್ಳೆಯವರು. ಬಿಟ್ಟುಬಿಡಿ."

ಪ್ಯಾಕಿಂಗ್ ದಿನದ ಫೋಟೊಗಳನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಹರಡಿಕೊಂಡರು. ಒಂದರಲ್ಲಿ ಪ್ರಾಧ್ಯಾಪಕರು ಮುದ್ರೆಯನ್ನು ಅಂಗೈಯಲ್ಲಿಟ್ಟುಕೊಂಡಿದ್ದರು. ಕಳಿಸುವ ಮುನ್ನ ಒಮ್ಮೆ ಮುಟ್ಟಬೇಕೆಂದು ಅವರೇ ಬೇಡಿದ್ದರಂತೆ. ಸುತ್ತಲಿದ್ದವರೆಲ್ಲ ಮುದ್ರೆಯನ್ನೇ ನೋಡುತ್ತಿದ್ದರು. ಮುದುಕರ ಮುಖ ಮಾತ್ರ ಬಾಡಿ, ಶಿಷ್ಯೆ ನಿಂತಿದ್ದ ಕಡೆಗೆ ತಿರುಗಿತ್ತು.

ಪ್ರಾಧ್ಯಾಪಕರ ಮನೆಯ ಬಾಗಿಲು ತೆರೆದದ್ದು ಅವರ ಸೊಸೆ. ಒಳಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವರು ಕೂತಿದ್ದರು. ಕಣ್ಣಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಮುದ್ರೆ ನಿಜ ಅಂತ ಗೊತ್ತಾಗಿದ್ರೆ ಏನು ಸಾಬೀತಾಗ್ತಿತ್ತು ಸಾರ್?"

"ಆ ಹೆಸರಿನ ಲಿಪಿಕಾರ ಒಬ್ಬ ಇದ್ದ ಅಂತ. ಅಷ್ಟೇ. ದೇವರು ಅವನ ಒಡೆಯನ ಜೊತೆ ಮಾತಾಡಿದ್ದ ಅಂತಲ್ಲ. ಜನ ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡ್ತಾರೆ."

"ಸುಳ್ಳಾಗಿದ್ರೆ?"

"ನಾನು ತಪ್ಪು ಓದಿದೆ ಅಂತ. ಅದೂ ಅಷ್ಟೇ."

ಇನ್‌ಸ್ಪೆಕ್ಟರ್ ಮುಂದಕ್ಕೆ ಬಾಗಿದರು. "ಪ್ಯಾಕಿಂಗ್ ಮಾಡಿದವನನ್ನ ಬೆಳಿಗ್ಗೆಯಿಂದ ಠಾಣೆಯಲ್ಲಿ ಕೂರಿಸಿದ್ದೀವಿ. ಅವನ ಹೆಂಡತಿ ಮೆಟ್ಟಿಲ ಮೇಲೇ ಇದ್ದಾಳೆ. ಅವತ್ತು ನಿಮ್ಮ ಕೈಗೆ ಬಂದದ್ದು ಏನು?"

ಮುದುಕರ ಬೆರಳುಗಳು ಕುರ್ಚಿಯ ತೋಳನ್ನು ಹಿಡಿದುಕೊಂಡವು.

"ಪ್ಲಾಸ್ಟರ್," ಎಂದರು. "ಹಗುರ ಇತ್ತು. ಸುಟ್ಟ ಮಣ್ಣಿನ ತಂಪು ಇರಲಿಲ್ಲ."

"ಕೊಟ್ಟವರು ಯಾರು?"

"ನನ್ನ ಶಿಷ್ಯೆ, ಅವಳೇ. ಯಾಕೆ ಅಂತ ನನಗೆ ಗೊತ್ತಿಲ್ಲ. ಬಾಯಿಬಿಟ್ಟರೆ ಅವಳ ಬಾಳು ಹಾಳು ಅಂತ ಸುಮ್ಮನಾದೆ. ಇನ್ನೊಬ್ಬನ ತಲೆಗೆ ಬರುತ್ತೆ ಅಂತ ಗೊತ್ತಾಗಲಿಲ್ಲ. ಅವನನ್ನ ಬಿಟ್ಟುಬಿಡಿ."

ಸಂಜೆ ಐದಕ್ಕೆ, ಇಬ್ಬರು ಪಂಚರ ಸಮಕ್ಷಮ ಕ್ಯುರೇಟರ್ ಮನೆಯ ಶೋಧ ನಡೆಯಿತು. ಆಕೆ ತಡೆಯಲಿಲ್ಲ, ಹುಡುಕಿಸಲೂ ಇಲ್ಲ. ಬೀರುವಿನಿಂದ ತಾನೇ ಒಂದು ಕನ್ನಡಕದ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಹತ್ತಿಯ ನಡುವೆ ಮುದ್ರೆಯಿತ್ತು.

"ಪರೀಕ್ಷೆ ಕೇಳಿದವರೂ ನೀವೇ, ತಪ್ಪಿಸಿದವರೂ ನೀವೇ. ಯಾಕೆ?"

"ಕಳಿಸೋ ಮೊದಲೇ ಹಿಂಬದಿಯಿಂದ ಒಂದು ಚೂರು ಕೆರೆದು ಬೇರೆ ಕಡೆ ಪರೀಕ್ಷೆ ಮಾಡಿಸಿದ್ದೆ. ನಾನೇ ಗೆದ್ದೆ ಅಂತ ಸಂತೋಷ ಆಗುತ್ತೆ ಅಂದ್ಕೊಂಡಿದ್ದೆ. ಉತ್ತರ ನೋಡಿದ ದಿನ ಅನ್ನ ಸೇರಲಿಲ್ಲ."

"ಹಾಗಾದ್ರೆ ಒಡೆದು ಹಾಕಬಹುದಿತ್ತಲ್ಲ?"

"ಮೇಷ್ಟ್ರು ನನಗೆ ಆ ಲಿಪಿ ಕಲಿಸಿದ್ದೇ ಇದರ ಮೇಲೆ, ಸಾರ್. ಕೈ ಬರಲಿಲ್ಲ."

ಆಕೆಯನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು. ಪ್ಯಾಕಿಂಗಿನವನು ಹೆಂಡತಿಯ ಜೊತೆ ಅದೇ ಮೆಟ್ಟಿಲು ಇಳಿದು ಹೋಗುತ್ತಿದ್ದ. ಕ್ಯುರೇಟರ್ ನಿಂತು ಅವನಿಗೆ ಕೈಮುಗಿದಳು. ಅವನು ತಲೆ ತಗ್ಗಿಸಿ ನಡೆದುಬಿಟ್ಟ.

ಸ್ವಲ್ಪ ಹೊತ್ತಿಗೆ ಸೊಸೆಯ ಕೈ ಹಿಡಿದುಕೊಂಡು ಪ್ರಾಧ್ಯಾಪಕರು ಬಂದರು. ಇನ್‌ಸ್ಪೆಕ್ಟರ್ ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟು, ಶಿಷ್ಯೆ ಮೊದಲೇ ಪರೀಕ್ಷೆ ಮಾಡಿಸಿದ್ದನ್ನು ಹೇಳಿದರು.

"ಉತ್ತರ ಏನು ಬಂತಮ್ಮ?"

"ಬೇಡ ಮೇಷ್ಟ್ರೇ."

"ಕೇಳ್ತಾ ಇರೋದು ನಿನಗೆ ಅಕ್ಷರ ಕಲಿಸಿದವನು."

"ಹೊಸದು. ಸುಟ್ಟು ನೂರು ವರ್ಷವೂ ಆಗಿಲ್ಲ."

ಮುದುಕರು ಬಹಳ ಹೊತ್ತು ತಲೆಯಾಡಿಸುತ್ತಲೇ ಕೂತರು. ಗೋಡೆಯಾಚೆ ಯಾರೋ ವೈರ್‌ಲೆಸ್‌ನಲ್ಲಿ ಮಾತಾಡುತ್ತಿದ್ದರು.

"ಹಾಗಾದ್ರೆ ನೀನು ಓದಿದ್ದೇ ಸರಿ," ಎಂದರು. "ಇದನ್ನ ಪೊಲೀಸ್ ಠಾಣೆಯಲ್ಲಿ ಕೂತು ಕೇಳೋ ಹಾಗೆ ಯಾಕೆ ಮಾಡಿದೆ? ನೀನೇ ಬಂದು ಹೇಳಿದ್ದಿದ್ರೆ ನನಗೆ ಎಷ್ಟು ಹೆಮ್ಮೆ ಆಗ್ತಿತ್ತು."

ಮುದುಕರು ಕೈ ಚಾಚಿ, ಗಾಳಿಯಲ್ಲಿ ತಡವರಿಸಿ, ಅವಳ ಭುಜವನ್ನು ಹುಡುಕಿಕೊಂಡರು.

ಆರೋಪಪಟ್ಟಿಯಲ್ಲಿ ಇನ್‌ಸ್ಪೆಕ್ಟರ್ ಕಳವಿನ ಉದ್ದೇಶದ ಬಗ್ಗೆ ಎರಡೇ ಸಾಲು ಬರೆದರು. ಆರೋಪಿಗೆ ಇದರಿಂದ ಯಾವ ಲಾಭವೂ ಇರಲಿಲ್ಲ. ಪರೀಕ್ಷೆ ನಡೆದರೆ ಗೆಲ್ಲುವುದು ತಾನೇ ಎಂದು ಆಕೆಗೆ ಮೊದಲೇ ತಿಳಿದಿತ್ತು.