ಊದಬೇಡಿ ಅಂದಿದ್ದೆ

ತ್ರಿವಿಕ್ರಮ ಸಾರ್ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಎಂಬತ್ತಮೂರರಲ್ಲಿ ಅವರು ನಮ್ಮ ಕಾರ್ಖಾನೆಯ ಓಟದ ಕೋಚ್. ಬೆಟ್ಟದ ಓಟದ ತಯಾರಿಗೆಂದು ನನ್ನನ್ನು ಹುಣಸಮಾರನಹಳ್ಳಿ ಆಚೆಯ ಕಲ್ಲುಗುಡ್ಡ ಹತ್ತಿಸುತ್ತಿದ್ದರು. ತಾವು ಮಾತ್ರ ಕೆಳಗೆ ಸ್ಕೂಟರ್ ಮೇಲೆ ಕೂತಿರುತ್ತಿದ್ದರು. ನಾನು ತುದಿ ಮುಟ್ಟಿ "ಬಂದೆ ಸಾರ್" ಎಂದು ಕೂಗಬೇಕು. ಅವರು ಸೀಟಿ ಊದಿದರೆ ಇಳಿಯಬೇಕು.

ಅಂದು ಬೆಳಗ್ಗೆ ನಾನು ಅರ್ಧ ಹತ್ತುವಷ್ಟರಲ್ಲೇ ತುದಿಯಿಂದ "ಬಂದೆ ಸಾರ್" ಎಂದು ಕೇಳಿಸಿತು. ನನ್ನದೇ ದನಿ, ನನ್ನದೇ ಏದುಸಿರು. ಬಿಸಿಲಿದ್ದರೂ ಕಾಲಡಿಯ ಕಲ್ಲು ತಣ್ಣಗಾಯಿತು. ನಾನು ಕೆಳಗೆ ಓಡಿದೆ.

"ಅರ್ಧದಲ್ಲೇ ಕೂಗಿ ಮೋಸ ಮಾಡ್ತೀಯೇನೋ?" ಎಂದು ಸಾರ್ ರೇಗಿದರು.

"ಕೂಗಿದ್ದು ನಾನಲ್ಲ ಸಾರ್!"

ಮೇಲಿಂದ ಮತ್ತೆ ಅದೇ ಕೂಗು ಬಂತು. ಅವರು ನನ್ನ ಮುಚ್ಚಿದ ಬಾಯನ್ನೇ ನೋಡಿದರು. "ಯಾವನೋ ಅಣಕಿಸ್ತಿದ್ದಾನೆ, ಇಳಿಸ್ತೀನಿ ತಾಳು" ಎಂದು ಸೀಟಿ ತೆಗೆದರು.

"ದಮ್ಮಯ್ಯ ಅಂತೀನಿ, ಊದ್ಬೇಡಿ ಸಾರ್!"

ಊದಿಯೇಬಿಟ್ಟರು, ಹಟಮಾರಿ ಮನುಷ್ಯ. ಗುಡ್ಡದ ಮೇಲೆ ಯಾರೂ ಕಾಣಲಿಲ್ಲ. ಆದರೆ ಓಡುವ ಹೆಜ್ಜೆಗಳ ಸದ್ದು ನಮ್ಮತ್ತ ಇಳಿಯತೊಡಗಿತು.

ಇಬ್ಬರೂ ಸ್ಕೂಟರ್ ಹತ್ತಿ ಪರಾರಿಯಾದೆವು. ಊದಿದವರು ಮುಂದೆ ಕೂತಿದ್ದರು, ಹಿಂದೆ ಕೂತವನು ನಾನು. ಯಲಹಂಕ ಬರುವವರೆಗೂ ನನ್ನ ಕತ್ತಿಗೆ ತಣ್ಣನೆಯ ಏದುಸಿರು ತಾಕುತ್ತಲೇ ಇತ್ತು.