ಎಣ್ಣೆ ಹಾಕಿದ ಬ್ರೇಕು

ಅರ್ಧ ಚಕ್ರ ಒರೆಸುವಷ್ಟರಲ್ಲಿ ಅವಳ ಬೆರಳುಗಳು ಚಳಿಗೆ ಮರಗಟ್ಟಿದವು. ಆಸ್ಪತ್ರೆಯ ಸೈಕಲ್ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಮತ್ತೆ ಉಜ್ಜಿದಳು. ಬಟ್ಟೆಗೆ ಎಣ್ಣೆ ಹತ್ತಿತು. ಚೈನಿಗೆ ಹಾಕುವ ಎಣ್ಣೆ, ಬ್ರೇಕಿನ ರಬ್ಬರಿನ ಮೇಲೆ! ನಿನ್ನೆ ಸಂಜೆ ಮನೆಗೆ ಏರುದಾರಿ, ಬ್ರೇಕು ಹಿಡಿಯದೆ ಗೊತ್ತಾಗಿರಲಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಇಳಿಜಾರಿಗೆ ಬಿದ್ದ ಸೈಕಲ್ಲು ಬ್ರೇಕು ಹಿಡಿದರೂ ನಿಲ್ಲದೆ ಅವಳನ್ನು ನೇರ ಪೊದೆಗೆ ಒಪ್ಪಿಸಿತ್ತು. ಲ್ಯಾಬಿನಲ್ಲಿ ಅವಳ ಬಳಿ ಟೆಸ್ಟಿಗೆ ರಕ್ತ ಕೊಡಲು ಬಂದವರೆಲ್ಲ ಅವಳ ಮೊಣಕೈ ನೋಡಿ, "ಮೊದಲು ನಿಮ್ಮದೇ ಟೆಸ್ಟ್ ಮಾಡ್ಕೊಳ್ಳಿ" ಎಂದು ನಕ್ಕಿದ್ದರು.

ಇಂಥ ಘನಕಾರ್ಯ ಮಾಡುವವನು ಒಬ್ಬನೇ. ಎಕ್ಸ್‌ರೇ ವಿಭಾಗದ ಸರ್ವಾಲಂಕಾರಿ. ಹೆಸರಿಟ್ಟವಳು ಅವಳೇ. ಹೆಲ್ಮೆಟ್ಟಿಗೊಂದು ದೀಪ, ಹ್ಯಾಂಡಲ್ಲಿಗೊಂದು ದೀಪ, ಮೊಣಕಾಲಿಗೆ ಹೊಳೆಯುವ ಪಟ್ಟಿ. ಗೇಟು ದಾಟುವಷ್ಟರಲ್ಲಿ ಒಂದಾದರೂ ಕಳಚಿ ಬೀಳಬೇಕು. ತಲೆ ನರೆಯುತ್ತಿದ್ದ ಗಂಡಸು, ದಪ್ಪ ಗ್ಲೌಸ್ ಹಾಕಿಕೊಂಡೇ ನೆಲದಲ್ಲಿ ನಟ್ಟು ಹುಡುಕುತ್ತಿದ್ದ!

"ಬಿದ್ರಂತೆ?" ಹಿಂದಿನಿಂದ ಅವನ ದನಿ.

"ಎಣ್ಣೆ ನಿಮ್ಮದೇ ತಾನೆ?"

"ಬ್ರೇಕು ಕಿರುಚುತ್ತೆ ಅಂತ ನಿನ್ನೆ ಬೇಜಾರು ಮಾಡ್ಕೊಂಡ್ರಲ್ಲ... ಸರಿಹೋಗುತ್ತೆ ಅಂದ್ಕೊಂಡೆ."

"ಬ್ರೇಕೇನು ಬಾಗಿಲ ಕೀಲಾ? ದೇವರು ನಿಮಗೆ ತಲೆ ಕೊಟ್ಟಿದ್ದು ಹೆಲ್ಮೆಟ್ ನೇತುಹಾಕೋಕಾ?"

ದಿನಾ ನಗುತ್ತಿದ್ದವನು ಇವತ್ತು ನಗಲಿಲ್ಲ. ಹೆಲ್ಮೆಟ್ ತೆಗೆದ. ಅದರ ಪಟ್ಟಿ ಗಲ್ಲದ ಕೆಳಗೆ ಕೆಂಪು ಗೆರೆ ಮೂಡಿಸಿತ್ತು. ಅಲ್ಲೇ ಕಣ್ಣು ನಿಂತದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನಾಳೆಯಿಂದ ಬಸ್ಸಲ್ಲಿ ಬರ್ತೀನಿ" ಎಂದ ಅವನು. "ಸೈಕಲ್ ನನಗೆ ಒಗ್ಗಲ್ಲ. ಮೊದಲ ದಿನವೇ ಗೊತ್ತಾಗಿತ್ತು."

"ಮತ್ತೆ ಯಾಕ್ರೀ ಇಷ್ಟೆಲ್ಲ ಅವತಾರ?"

"ಬೆಳಿಗ್ಗೆ ನಮ್ಮನೆ ತಿರುವಲ್ಲಿ ನಿಮ್ಮ ಬ್ರೇಕು ಕಿರುಚುತ್ತೆ. ಕೇಳಿದ ಕೂಡಲೇ ಹೊರಡ್ತೀನಿ. ದಾರಿಯುದ್ದಕ್ಕೂ ಬೈತೀರಲ್ಲ, ಅದಕ್ಕೇ." ಹೆಲ್ಮೆಟ್ಟಿನ ದೀಪ ಅವನ ಕೈಯಲ್ಲಿ ಇನ್ನೂ ಮಿಣುಕುತ್ತಿತ್ತು. "ಇವತ್ತು ಸದ್ದೇ ಬರಲಿಲ್ಲ. ಎಣ್ಣೆ ಹಾಕಿದ್ದು ನಾನೇ ಅನ್ನೋದು ಮರೆತು, ಮನೆ ಗೇಟಲ್ಲಿ ಕಾಯ್ತಾ ನಿಂತಿದ್ದೆ."

"ಪೆದ್ದು" ಎಂದಳು. ಬೈಗುಳ ಯಾಕೋ ಬಾಯಲ್ಲೇ ಮೆತ್ತಗಾಯಿತು.

ಅವನು ತನ್ನ ಸೈಕಲ್ಲು ತಳ್ಳಿಕೊಂಡೇ ಗೇಟಿನ ಕಡೆ ನಡೆದ. ಮೊಣಕಾಲಿನ ಪಟ್ಟಿಯೊಂದು ದಾರಿಯಲ್ಲೇ ಉದುರಿತು. ತಿರುಗಿ ನೋಡಲಿಲ್ಲ. ಅವಳು ಹೆಕ್ಕಿಕೊಂಡಳು.

ಮನೆಯ ಹಿಂಬಾಗಿಲಲ್ಲಿ ಕೂತು ಅವಳು ರಬ್ಬರಿಗೆ ಮರಳುಕಾಗದ ಉಜ್ಜುತ್ತಿದ್ದರೆ, ಅಕ್ಕ ಹೊಸ್ತಿಲಲ್ಲೇ ನಿಂತಳು.

"ಇವತ್ತು ಸರ್ವಾಲಂಕಾರಿ ಪುರಾಣ ಇಲ್ವೇನೇ? ಊಟಾನೇ ಸಪ್ಪೆ ಅನ್ಸುತ್ತೆ."

"ಆ ದಂಡಪಿಂಡದ ಸುದ್ದಿ ಎತ್ತಬೇಡ."

"ದಿನಾ ಬೈಯೋಕೂ ಅಕ್ಕರೆ ಬೇಕು ಕಣೇ."

ಅವಳು ಚಕ್ರ ತಿರುಗಿಸಿ ಬ್ರೇಕು ಹಿಡಿದಳು. ಕೀಂಯ್ ಎಂದಿತು. ರಬ್ಬರನ್ನು ಕೂದಲೆಳೆಯಷ್ಟು ಓರೆ ಮಾಡಿ ಬಿಗಿದರೆ ಸದ್ದು ಅಡಗುತ್ತದೆ. ಸ್ಪ್ಯಾನರ್ ಕೈಯಲ್ಲೇ ಇತ್ತು.

"ಇನ್ನೂ ಕಿರುಚುತ್ತಲ್ಲೇ!"

"ನಾಳೆ ಬೇಗ ಎಬ್ಬಿಸು" ಎಂದಳು. "ಲ್ಯಾಬಲ್ಲಿ ಕೆಲಸ ಇದೆ."

ಬೆಳಗಿನ ಬಸ್ಸಿಗೆ ಮುಂಚೆಯೇ ಅವನ ಮನೆಯ ತಿರುವು ಮುಟ್ಟಬೇಕಿತ್ತು. ಅವಳು ಸ್ಪ್ಯಾನರನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.